ಹೇಗೂ ಖಾಲಿ ಬಿದ್ದಿದೆಯಲ್ಲ

"ಹೇಗೂ ಖಾಲಿ ಬಿದ್ದಿದೆಯಲ್ಲ ಮೇಷ್ಟ್ರೇ, ಒಂದು ಸಮುದಾಯ ಭವನ ಆದ್ರೆ ಎಲ್ಲರಿಗೂ ಅನುಕೂಲ. ಒಂದು ಸೈನ್ ಹಾಕಿ."

ಕಳೆದ ಭಾನುವಾರ ನಮ್ಮ ಬೀದಿಯ ಹಿರಿಯರೊಬ್ಬರು ಮನವಿಪತ್ರ ಹಿಡಿದು ಬಂದಿದ್ದರು. ಶಿವಮೊಗ್ಗದ ಹೊರವಲಯದ ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗದ ಮಾತು ಅದು. ನಾಳೆ ಹೇಳುತ್ತೇನೆಂದು ಅವರನ್ನು ಕಳಿಸಿ, ಬೀರುವಿನಲ್ಲಿ ಅಪ್ಪ ಜೋಪಾನ ಮಾಡಿದ್ದ ಬಡಾವಣೆ ನಕ್ಷೆಯನ್ನು ತೆಗೆದೆ. ನಮ್ಮ ಸೈಟಿಗೆ ಕೆಂಪು ಪೆನ್ನಿನ ಗುರುತು. ಎದುರಿಗೆ ಹಸಿರು ಬಣ್ಣದ ಒಂದು ತುಂಡು, ಅದರ ಮೇಲೆ 'ಉದ್ಯಾನ' ಎಂದು ಬರೆದಿದೆ. "ಎದುರಿಗೇ ಪಾರ್ಕ್ ಬರುತ್ತೆ" ಎಂದು ಅಮ್ಮನನ್ನು ಒಪ್ಪಿಸಿಯೇ ಅಪ್ಪ ಈ ಸೈಟು ಕೊಂಡಿದ್ದು. ಇವತ್ತಿಗೂ ಅಲ್ಲಿ ಇರುವುದು ಪಾರ್ಥೇನಿಯಂ, ಮನೆ ಕಟ್ಟಿದವರು ಸುರಿದ ಇಟ್ಟಿಗೆಚೂರು ಮತ್ತು ಸಂಜೆ ಹುಡುಗರು ನೆಡುವ ಮೂರು ವಿಕೆಟ್ಟು.

ಕತೆ, ಕವಿತೆಗಳನ್ನು ಓದಿ ಅಭಿಪ್ರಾಯ ಬರೆಯುವುದು ನನ್ನ ಅಭ್ಯಾಸ. ಈ ನಕ್ಷೆಯನ್ನೂ ಹಾಗೆಯೇ ಓದಿದೆ. ಸೈಟುಗಳೆಲ್ಲ ಅಚ್ಚುಕಟ್ಟಾದ ಆಯತಗಳು, ರಸ್ತೆಗಳು ನೇರ. ಹಸಿರು ತುಂಡು ಮಾತ್ರ ಒಂದು ಕಡೆ ಚೂಪಾಗಿ ಚರಂಡಿಗೆ ಒತ್ತಿಕೊಂಡಿದೆ. ಗೆರೆ ಎಳೆದ ಕ್ರಮ ಅದರ ಆಕಾರದಲ್ಲೇ ಕಾಣುತ್ತದೆ: ಮೊದಲು ಮಾರುವ ಜಾಗ, ಆಮೇಲೆ ಓಡಾಡುವ ಜಾಗ, ಕೊನೆಗೆ ಉಳಿದದ್ದು ಉದ್ಯಾನ.

ಕಾನೂನಿನ ಭಾಷೆಯೂ ಇದಕ್ಕೆ ಆಸ್ಪದ ಕೊಡುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯನ್ನು ನೋಡಿ. ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನ, ಆಟದ ಮೈದಾನಗಳಿಗೆ, ಅದರ ಮೇಲೆ ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ನಾಗರಿಕ ಸೌಲಭ್ಯಗಳಿಗೆ ಎನ್ನುತ್ತದೆ ಅದು. ಒಳ್ಳೆಯ ವಾಕ್ಯವೇ. ಆದರೆ ಅದು 'ಎಷ್ಟು' ಎಂದಷ್ಟೇ ಹೇಳುತ್ತದೆ. ಎಲ್ಲಿ, ಯಾವ ಆಕಾರದಲ್ಲಿ, ನೋಡಿಕೊಳ್ಳುವವರು ಯಾರು ಎಂಬುದು ಆ ವಾಕ್ಯದಲ್ಲಿ ಇಲ್ಲ. 'ಕಡಿಮೆಯಿಲ್ಲದಷ್ಟು' ಎಂಬ ಮಾತು ನಕ್ಷೆ ಬರೆಯುವವರ ಕೈಗೆ ಬರುವಷ್ಟರಲ್ಲಿ 'ಇಷ್ಟು ಸಾಕು' ಎಂದಾಗಿರುತ್ತದೆ.

ಹಾಗೆಂದು ಕಾನೂನನ್ನು ಹಗುರವಾಗಿ ಕಾಣುವಂತಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯಿದೆ ಇದೆ. ಇಂಥ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆಗಳು ಸಿದ್ಧಪಡಿಸಬೇಕೆಂದು ಅದು ಹೇಳುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿದ್ದ ಜಾಗ ಖಾಸಗಿ ನರ್ಸಿಂಗ್ ಹೋಮಿಗೆ ಹೋದಾಗ ನೆರೆಹೊರೆಯವರು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಹಂಚಿಕೆ ಸಲ್ಲದು ಎಂದಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ. ಆದರೂ ಅದು ಪಾರ್ಕಿನ ಜಾಗವನ್ನು ನುಂಗಬಾರದು ಎಂಬುದು ಆ ತೀರ್ಪಿನ ಸಾರ. ನಮ್ಮ ಸಮುದಾಯ ಭವನಕ್ಕೂ ಅದೇ ಉತ್ತರ.

ನನಗೆ ಹೆಚ್ಚು ಕಾಡಿದ್ದು 'ಖಾಲಿ' ಎಂಬ ಪದ. ನಮ್ಮ ಕಡೆ ತೆರೆದ ಜಾಗಕ್ಕೆ ಎಷ್ಟೊಂದು ಹೆಸರುಗಳಿದ್ದವು: ಅಂಗಳ, ಹಿತ್ತಲು, ಕಣ, ಗೋಮಾಳ, ಗುಂಡುತೋಪು, ಕಾನು. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಬಳಕೆ. ಯಾವುದೂ ಖಾಲಿಯಲ್ಲ. ಶಿವಮೊಗ್ಗದಲ್ಲಿ ಹಳೆಯ ಜೈಲಿನ ಜಾಗ ಫ್ರೀಡಂ ಪಾರ್ಕ್ ಆಯಿತು. 2024ರ ಜನವರಿಯಲ್ಲಿ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ಅಲ್ಲೇ. ಅದಕ್ಕೆ ಅಲ್ಲಮಪ್ರಭುವಿನ ಹೆಸರಿಡುವ ಮಾತು ಬಂದಾಗ ನಾನು ಖುಷಿಪಟ್ಟೆ. ಇದೇ ಜಿಲ್ಲೆಯ ಬಳ್ಳಿಗಾವಿಯವನೆಂದು ನಾವು ನಂಬುವ ಅಲ್ಲಮನ ವಚನಗಳಲ್ಲಿ 'ಬಯಲು' ಬಹಳ ದೊಡ್ಡ ಪದ, ಏನೂ ಇಲ್ಲದ್ದು ಎಂದು ತಳ್ಳಿಹಾಕುವಂಥದ್ದಲ್ಲ. ನಮ್ಮ ಬಡಾವಣೆಗಳ ಭಾಷೆಯಲ್ಲಿ ಮಾತ್ರ ಬಯಲೆಂದರೆ ಇನ್ನೂ ಕಟ್ಟಡ ಏಳದ ಜಾಗ.

ಭದ್ರಾವತಿಯ ಅನುಭವ ಬೇರೆ. ಎರಡೂ ಊರುಗಳಿಗೆ ಇರುವುದು ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಾದರೂ, ಅಲ್ಲಿನ ನ್ಯೂಟೌನ್, ಕಾಗದನಗರಗಳು ಕಾರ್ಖಾನೆಗಳ ಜೊತೆ ಬೆಳೆದವು. ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರಲ್ಲಿ, ಕಾಗದ ಕಾರ್ಖಾನೆಯ ಕಂಪನಿ ಹುಟ್ಟಿದ್ದು 1936ರಲ್ಲಿ. ಸೋದರಮಾವನ ಕ್ವಾರ್ಟರ್ಸಿನಲ್ಲಿ ನಾನು ಬೇಸಿಗೆ ರಜೆ ಕಳೆದವನು. ಹಿತ್ತಲಲ್ಲಿ ಮಾವಿನ ಮರ, ನಾಲ್ಕು ಹೆಜ್ಜೆಗೆ ಮೈದಾನ. ಆ ಜಾಗವೂ ಎಲ್ಲರಿಗೂ ಸಮವಾಗಿ ಸಿಕ್ಕಿದ್ದಲ್ಲ. ಹುದ್ದೆ ಏರಿದಂತೆ ಹಿತ್ತಲೂ ದೊಡ್ಡದಾಗುತ್ತಿತ್ತು. ಆದರೂ ಅದನ್ನು ನೋಡಿಕೊಳ್ಳುವವರು ಇದ್ದರು. ಕಾಗದ ಕಾರ್ಖಾನೆ ನಿಂತಿತು, ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿತ್ತು. ಈಗ ಆ ಬೀದಿಗಳಲ್ಲಿ ನಡೆದರೆ ಜಾಗಕ್ಕೇನೂ ಕೊರತೆಯಿಲ್ಲ, ಕಾಯುವ ಕೈಗಳಿಲ್ಲ. ಅಲ್ಲಿ ಕಳೆದುಹೋದದ್ದು ಇಲ್ಲಿ ನಮ್ಮ ಬಡಾವಣೆಗೆ ಶುರುವಿನಿಂದಲೂ ಇರಲಿಲ್ಲ.

ಅಪರೂಪಕ್ಕೆ ಪಾರ್ಕು ಆದರೂ ಆಗುವುದು ಹೇಗೆ? ಸುತ್ತ ಗ್ರಿಲ್ಲು, ನೆಲಕ್ಕೆಲ್ಲ ಸಿಮೆಂಟಿನ ಇಂಟರ್‌ಲಾಕ್, ನಡುವೆ ತುಳಿಯಬಾರದ ಹುಲ್ಲುಹಾಸು, ಗೇಟಿನಲ್ಲಿ 'ಚೆಂಡಾಟ ನಿಷೇಧಿಸಲಾಗಿದೆ' ಎಂಬ ಬೋರ್ಡು. ಮಲೆನಾಡಿನ ಮಳೆ ಬೀಳುವ ಊರಿದು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡಿದ್ದೇವೆ. ಮಳೆನೀರು ಇಂಗಲು ಉಳಿದಿರುವ ಮಣ್ಣಿಗೂ ಕಲ್ಲು ಹೊದಿಸಿ ಅದನ್ನು ಸುಂದರೀಕರಣ ಎನ್ನುತ್ತೇವೆ. ಇದಕ್ಕಿಂತ ಹುಡುಗರ ಮೂರು ವಿಕೆಟ್ಟೇ ವಾಸಿ.

ಮನವಿಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಬದಲಿಗೆ ನಕ್ಷೆಯ ಜೆರಾಕ್ಸ್ ಮಾಡಿಸಿ ಹಿರಿಯರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಮಗೂ ಸೈಟು ಮಾರುವಾಗ ಇದನ್ನೇ ತೋರಿಸಿದ್ರು" ಎಂದರು. ಸ್ವಲ್ಪ ಬೇಸರವೂ ಇತ್ತು. ಮೊಮ್ಮಗಳ ಮದುವೆಗೆ ಛತ್ರದ ಬಾಡಿಗೆ ಎಷ್ಟೆಂದು ಅವರಿಗೆ ಗೊತ್ತು. ಆ ಜಾಗ ನಗರದ ಉದ್ಯಾನಗಳ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿ ಅರ್ಜಿ ಬರೆಯೋಣ ಎಂದೆ. ಮಳೆ ಹಿಡಿಯುವ ಮೊದಲು ಚರಂಡಿಯ ಕಡೆಗೆ ನಾಲ್ಕು ಹೊಂಗೆ ಸಸಿ ನೆಡೋಣ, ಪಿಚ್ಚಿನ ಜಾಗ ಬಿಟ್ಟು. ಅವರು ಒಳಗೆ ಹೋಗಿ ಪೆನ್ನು ತಂದರು.