‘ಪುನಃಸಂಯೋಜಿತ ಮಾನವ ಕಿಣ್ವ’: ಒಂದು ಪದವಿಮರ್ಶೆ

ಸಂಶೋಧನಾಲಯಗಳಲ್ಲಿ ಬಳಸುವ ‘ರಿಕಾಂಬಿನೆಂಟ್ ಹ್ಯೂಮನ್ ಎನ್‌ಜೈಮ್’ ಎಂಬುದನ್ನು ‘ಪುನಃಸಂಯೋಜಿತ ಮಾನವ ಕಿಣ್ವ’ವೆಂದು ಕನ್ನಡಿಸುವುದುಂಟು. ಈ ಪದಪುಂಜದ ಅರ್ಥೌಚಿತ್ಯವು ಪರಾಮರ್ಶೆಗೆ ಅರ್ಹವಾಗಿದೆ.

‘ಕಿಣ್ವ’ ಶಬ್ದವು ನಿರ್ದುಷ್ಟವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಮದ್ಯವನ್ನು ಹುದುಗಿಸುವ ದ್ರವ್ಯ. ಗ್ರೀಕ್ ಮೂಲದ ‘ಎನ್‌ಜೈಮ್’ ಶಬ್ದದಲ್ಲಿಯೂ ಹುದುಗಿನ ಅರ್ಥವೇ ಇದೆ.

ದೋಷವಿರುವುದು ವಿಶೇಷಣಗಳಲ್ಲಿ. ಪುನಃಸಂಯೋಗವನ್ನು ಹೊಂದುವುದು ಡಿ.ಎನ್.ಎ.ಯೇ ಹೊರತು ಕಿಣ್ವವಲ್ಲ. 1973ರಲ್ಲಿ ಕೋಹೆನ್ ಮತ್ತು ಬೋಯರ್ ಎಂಬವರು ತೋರಿಸಿದ ಕ್ರಮದಂತೆ, ಮಾನವನ ಜೀನಿನ ಪ್ರತಿಯನ್ನು ಪ್ಲಾಸ್ಮಿಡ್ಡಿಗೆ ಬೆಸೆದು ಬ್ಯಾಕ್ಟೀರಿಯದೊಳಗೆ ಸೇರಿಸಿದರೆ, ಆ ಜೀವಿಯು ಪ್ರೋಟೀನನ್ನು ಹೊಸದಾಗಿಯೇ ರಚಿಸುತ್ತದೆ. ಇನ್ನು ‘ಮಾನವ ಕಿಣ್ವ’ವನ್ನು ಷಷ್ಠೀತತ್ಪುರುಷವೆಂದು ಹಿಡಿದರೆ ಮನುಷ್ಯದೇಹದಿಂದ ತೆಗೆದುದೆಂಬ ಭ್ರಾಂತಿಯುಂಟಾಗುವುದು. ಮಾನವನದು ಅಮೈನೋ ಆಮ್ಲಗಳ ಅನುಕ್ರಮ ಮಾತ್ರ. ದೇಹದಲ್ಲಿ ಎಷ್ಟೋ ಪ್ರೋಟೀನುಗಳಿಗೆ ಕೂಡುವ ಶರ್ಕರಾಸರಣಿಗಳು ಇ. ಕೋಲಿಯಲ್ಲಿ ಸಾಮಾನ್ಯವಾಗಿ ಕೂಡವು. ಈ ಭೇದವನ್ನು ಮರೆತ ಸಂಶೋಧಕನು, ಪ್ರಯೋಗದಲ್ಲಿ ಕಂಡ ನಡತೆಯೇ ದೇಹದಲ್ಲಿಯೂ ಇರುವುದೆಂದು ತಪ್ಪಾಗಿ ನಿರ್ಣಯಿಸಿಯಾನು.

ಆದುದರಿಂದ ‘ಪುನಃಸಂಯೋಗಜನ್ಯ ಮಾನವಾನುಕ್ರಮ ಕಿಣ್ವ’ವೆಂಬುದು ಯುಕ್ತತರ. ಉಚ್ಚಾರಣೆಗೆ ದೀರ್ಘವೆನಿಸಿದರೂ, ಉತ್ಪತ್ತಿಯನ್ನೂ ಸ್ವರೂಪವನ್ನೂ ಬೇರ್ಪಡಿಸಿ ತಿಳಿಸುವುದರಿಂದ ಪಾಠ್ಯಪುಸ್ತಕಗಳಿಗೆ ಅದೇ ಗ್ರಾಹ್ಯವೆಂದು ನಮ್ಮ ಅಭಿಪ್ರಾಯ.