ಮುಕ್ತಕದ ಮಿತಿ: ‘ಗೆಟ್ ಅಪ್’ ಎಂಬ ಕೊರಿಯದ ಗೀತಗುಚ್ಛದ ವಿವೇಚನೆ

ಗಾತ್ರದಲ್ಲಿ ಕಿರಿದಾಗಿರುವುದು ಕೃತಿಗೆ ಕುಂದಲ್ಲವೆಂಬುದು ನಮ್ಮ ಆಲಂಕಾರಿಕರಿಗೆ ಚೆನ್ನಾಗಿ ತಿಳಿದಿದ್ದ ಸಂಗತಿ. ಅಮರುಕನ ಮುಕ್ತಕಗಳು ಶೃಂಗಾರರಸವನ್ನು ಸುರಿಸುವುದರಲ್ಲಿ ಪ್ರಬಂಧಗಳಿಗೆ ಸಮಾನವಾದುವೆಂದು ಆನಂದವರ್ಧನನು ಮೆಚ್ಚಿ ನುಡಿದಿದ್ದಾನೆ. ಆದರೆ ಕಿರಿದಾದುದೆಲ್ಲವೂ ಮುಕ್ತಕವಾಗಲಾರದು. ತನ್ನಲ್ಲಿ ತಾನು ಪೂರ್ಣವಾಗಿರುವುದು ಮುಕ್ತಕದ ಲಕ್ಷಣ. ನಡುವೆ ಕಡಿದುಹೋದದ್ದು ಕೇವಲ ತುಣುಕು. ಈ ಭೇದವನ್ನು ಮುಂದಿಟ್ಟುಕೊಂಡು ಇತ್ತೀಚಿನ ಕೊರಿಯದ ಜನಪ್ರಿಯ ಸಂಗೀತದ ಒಂದು ಕೃತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಕ್ಷಿಣ ಕೊರಿಯದ ಐವರು ತರುಣಿಯರ ಗಾಯನವೃಂದವಾಗಿ ನ್ಯೂಜೀನ್ಸ್ 2022ರ ಜುಲೈಯಲ್ಲಿ ಮೊದಲು ಜನರ ಮುಂದೆ ಬಂದಿತು. ಅದರ ಎರಡನೆಯ ‘ಮಿನಿ ಆಲ್ಬಮ್’ ಆದ ‘ಗೆಟ್ ಅಪ್’ 2023ರ ಜುಲೈ 21ರಂದು ಪ್ರಕಟವಾಯಿತು. ಮಿನಿ ಆಲ್ಬಮ್ ಎಂಬುದು ಬಿಡಿಹಾಡಿಗೂ ಪೂರ್ಣಪ್ರಮಾಣದ ಸಂಕಲನಕ್ಕೂ ನಡುವಣ ಪ್ರಕಾರ. ನಾಲ್ಕಾರು ಹಾಡುಗಳ ಗುಚ್ಛ. ‘ಗೆಟ್ ಅಪ್’ನಲ್ಲಿ ಆರು ಹಾಡುಗಳಿವೆ, ಆರೂ ಸೇರಿ ಸುಮಾರು 12 ನಿಮಿಷಗಳಲ್ಲಿ ಮುಗಿಯುತ್ತವೆ. ಗುಚ್ಛಕ್ಕೆ ತನ್ನ ಹೆಸರನ್ನಿತ್ತ ಹಾಡಂತೂ ಕೇವಲ 36 ಸೆಕೆಂಡುಗಳದು.

ಈ ಸಂಕ್ಷೇಪವನ್ನು ಕಂಡೊಡನೆ ಒಂದು ಸಂಶಯ ಮೂಡುವುದು ಸಹಜ. ಸಂಗೀತವು ಅಂತರ್ಜಾಲದ ಮೂಲಕ ಹರಿದುಬರುವ ಈ ಕಾಲದಲ್ಲಿ ಹಾಡಿನ ಗಳಿಕೆ ಅದನ್ನು ಎಷ್ಟು ಸಲ ಆಲಿಸಲಾಯಿತೆಂಬುದನ್ನು ಅವಲಂಬಿಸಿದೆ. ಎಷ್ಟು ಹೊತ್ತು ಎಂಬುದನ್ನಲ್ಲ. ಸ್ಪಾಟಿಫೈ ವೇದಿಕೆಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಆಲಿಕೆಯೆಂದು ಗಣನೆ. ಮೇಲಾಗಿ ಮುದ್ರಿತ ಆವೃತ್ತಿಗಳು ಚಿತ್ರ, ಚೀಟಿ, ಕೈಚೀಲಗಳೊಡನೆ ಸಂಗ್ರಹಯೋಗ್ಯ ಸರಕುಗಳಾಗಿ ಮಾರಾಟವಾದವು. 2023ರ ಆಗಸ್ಟ್ ಆರಂಭದಲ್ಲಿ ಈ ಗುಚ್ಛ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯ ಅಗ್ರಸ್ಥಾನಕ್ಕೇರಿದಾಗ ಅದರ ಲೆಕ್ಕದಲ್ಲಿ ಇಂತಹ ಮುದ್ರಿತ ಪ್ರತಿಗಳದೇ ಸಿಂಹಪಾಲು. ಆದ್ದರಿಂದ ಇದು ಅಂಗಡಿಯ ಅಳತೆಗೆ ಕತ್ತರಿಸಿದ ಬಟ್ಟೆಯೆಂದು ಹೇಳಿ ವಿಷಯವನ್ನು ಮುಗಿಸಿಬಿಡಬಹುದು. ಆದರೆ ಕೃತಿಯ ಹುಟ್ಟಿಗೆ ಕಾರಣವಾದುದೇ ಅದರ ಬೆಲೆಯ ನಿರ್ಣಯವಲ್ಲ. ರಾಜನ ದಾನಕ್ಕಾಗಿ ಬರೆದ ಕಾವ್ಯವೆಲ್ಲ ಹೀನವಾಗಲಿಲ್ಲ. ಕೃತಿಯನ್ನು ಕೇಳಿಯೇ ತೀರ್ಮಾನಿಸಬೇಕು.

ಎರಡನೆಯ ಹಾಡಾದ ‘ಸೂಪರ್ ಶೈ’ಯನ್ನು ತೆಗೆದುಕೊಳ್ಳೋಣ. ಒಬ್ಬ ಹುಡುಗಿ ಒಬ್ಬನನ್ನು ಮೆಚ್ಚಿದ್ದಾಳೆ. ಅವನಿಗೆ ಆಕೆಯ ಪರಿಚಯವೇ ಇಲ್ಲ. ಹೇಳಿಕೊಳ್ಳಲು ಆಕೆಗೆ ನಾಚಿಕೆ. ವಸ್ತು ಇಷ್ಟೆ. ಭರತನು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಒಂದಾದ ವ್ರೀಡೆಯೇ ಇಲ್ಲಿ ಹಾಡಿನ ಜೀವ. ಅದು ಪ್ರಕಟವಾಗುವ ಬಗೆ ಗಮನಾರ್ಹವಾದುದು. ವಾದ್ಯದ ಗತಿ ಅತಿ ಶೀಘ್ರ, ನಿಮಿಷಕ್ಕೆ 150 ಬಡಿತ. ಇಂಗ್ಲೆಂಡಿನ ಮತ್ತು ಅಮೆರಿಕದ ನ್ಯೂಜರ್ಸಿಯ ನೃತ್ಯಶಾಲೆಗಳಲ್ಲಿ ಬೆಳೆದ, ಕುಣಿಯುವವರನ್ನು ಒಂದೆಡೆ ನಿಲ್ಲಗೊಡದ ತಾಳಗಳಿಂದ ಬಂದದ್ದು ಅದು. ಕಂಠವಾದರೋ ಪಿಸುಮಾತಿನಷ್ಟು ಮೆಲ್ಲಗಿದೆ. ಈ ಬಗೆಯ ವೃಂದಗಳ ಹಾಡುಗಳಲ್ಲಿ ಸಾಮಾನ್ಯವಾದ ತಾರಸ್ಥಾಯಿಯ ಪ್ರದರ್ಶನ ಇಲ್ಲಿಲ್ಲ. ಈ ವಿರೋಧದಲ್ಲಿಯೇ ಅರ್ಥವಿದೆ. ನಾಚಿದವರ ಎದೆ ವೇಗವಾಗಿ ಬಡಿದುಕೊಳ್ಳುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ತಾಳ ಹೃದಯದ ಅನುಭಾವ, ಕಂಠ ತುಟಿಯ ಸಂಯಮ. ಪಲ್ಲವಿ ಮತ್ತೆ ಮತ್ತೆ ಅದೇ ಮಾತಿಗೆ ಹಿಂದಿರುಗುವುದೂ ಉಚಿತವೇ. ಹೇಳಲಾರದವರು ಸುತ್ತುವುದು ಅಲ್ಲಲ್ಲಿಯೇ. ಎರಡೂವರೆ ನಿಮಿಷದ ಈ ಹಾಡಿಗೆ ಇನ್ನೊಂದು ನಿಮಿಷ ಸೇರಿಸಿದ್ದರೆ ನಾಚಿಕೆ ಹೋಗಿ ವಾಚಾಳಿತನವಾಗುತ್ತಿತ್ತು. ಇದು ನಿಜವಾದ ಮುಕ್ತಕ.

‘ಕೂಲ್ ವಿತ್ ಯೂ’ ಇದೇ ಸಂಯಮವನ್ನು ಬೇರೊಂದು ಭಾವಕ್ಕೆ, ಒಲಿದವನ ಬಳಿಯ ನೆಮ್ಮದಿಗೆ, ಅಳವಡಿಸುತ್ತದೆ. ಗೆಳತಿಯ ಪ್ರಿಯಕರನು ನಂಬತಕ್ಕವನಲ್ಲವೆಂದು ಎಚ್ಚರಿಸುವ ‘ಇ.ಟಿ.ಎ.’ಯಲ್ಲಿ ಸಖಿಯೇ ಮಾತನಾಡುವವಳು. ಅಲ್ಲಿ ಅವಸರವೇ ವಸ್ತುವಾದ್ದರಿಂದ ಸಂಕ್ಷೇಪಕ್ಕೆ ಸಹಜವಾದ ಕಾರಣ ದೊರೆತಿದೆ.

ಉಳಿದುವುಗಳ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಲಾಗದು. ವೃಂದದ ಹೆಸರನ್ನೇ ಹೊತ್ತ ಮೊದಲನೆಯ ಹಾಡು 1 ನಿಮಿಷ 48 ಸೆಕೆಂಡುಗಳ ಆತ್ಮಪ್ರಶಂಸೆ; ಅದು ನಾಂದಿಯಾಗಬಲ್ಲುದೇ ಹೊರತು ಕವಿತೆಯಾಗಲಾರದು. ಮಂದಗತಿಯ ‘ಗೆಟ್ ಅಪ್’ ಅತ್ಯಂತ ಹೃದ್ಯವಾಗಿ ಆರಂಭವಾಗುತ್ತದೆ. ಆದರೆ ಭಾವ ನೆಲೆಗೊಳ್ಳುವ ಮುನ್ನವೇ ನಿಂತುಹೋಗುತ್ತದೆ. ಕೊನೆಯ ‘ಎ.ಎಸ್.ಎ.ಪಿ.’ ಗಡಿಯಾರದ ಸದ್ದನ್ನು ಅನುಕರಿಸುತ್ತದೆ. ಆ ಕಾಲಕ್ಕೂ ಹಾಡುವವಳ ಮನಸ್ಸಿಗೂ ಏನು ಸಂಬಂಧವೆಂಬುದನ್ನು ತೋರಿಸುವುದಿಲ್ಲ.

ಇಲ್ಲಿ ಕೊರಿಯದ್ದೇ ಆದ ಒಂದು ಪ್ರಾಚೀನ ರೂಪವನ್ನು ನೆನೆಯುವುದು ಪ್ರಯೋಜನಕರ. ಸಿಜೊ ಎಂಬುದು ಮೂರೇ ಸಾಲುಗಳ, ಸುಮಾರು 45 ಅಕ್ಷರಗಳ ಗೇಯಕವಿತೆ. 16ನೆಯ ಶತಮಾನದ ಕವಯಿತ್ರಿ ಹ್ವಾಂಗ್ ಜಿನಿಯ ಕೀರ್ತಿ ಇಂತಹ ಕೆಲವೇ ರಚನೆಗಳ ಮೇಲೆ ನಿಂತಿದೆ. ಸಿಜೊದಲ್ಲಿ ಮೊದಲ ಸಾಲು ವಸ್ತುವನ್ನು ಎತ್ತಿಕೊಳ್ಳುತ್ತದೆ, ಎರಡನೆಯದು ಬೆಳೆಸುತ್ತದೆ, ಮೂರನೆಯದು ಒಂದು ತಿರುವನ್ನು ಕೊಟ್ಟು ಮುಗಿಸುತ್ತದೆ. ಹಾಡುವಾಗ ಈ ಕೆಲವೇ ಅಕ್ಷರಗಳನ್ನು ಎಳೆದೆಳೆದು ನಿಮಿಷಗಟ್ಟಲೆ ವಿಸ್ತರಿಸುತ್ತಾರೆ. ಅಲ್ಲಿ ಮಾತು ಕಿರಿದು, ಕಾಲ ಹಿರಿದು. ಇಲ್ಲಿ ಕಾಲ ಕಿರಿದು, ಮಾತು ಹೆಚ್ಚು. ಈ ವ್ಯತ್ಯಾಸವನ್ನು ದೋಷವೆಂದು ಹೇಳುವಂತಿಲ್ಲ. ಯುಗದ ಲಯವೇ ಬೇರೆ. ಆದರೆ ಆ ಮೂರನೆಯ ಸಾಲಿನ ಪಾಠ ಯಾವ ಯುಗಕ್ಕೂ ಸಲ್ಲುತ್ತದೆ. ಕಿರಿದಾದ ಕೃತಿ ತನ್ನೊಳಗೆ ಒಮ್ಮೆ ತಿರುಗಿ ನೋಡಿಕೊಳ್ಳಬೇಕು, ಇಲ್ಲವೆ ‘ಸೂಪರ್ ಶೈ’ಯಂತೆ ತಿರುಗಲಾರದಿರುವುದನ್ನೇ ವಸ್ತುವಾಗಿಸಿಕೊಳ್ಳಬೇಕು. ಎರಡೂ ಇಲ್ಲದೆಡೆ ಹಾಡು ಮುಗಿಯುವುದಿಲ್ಲ, ನಿಲ್ಲುತ್ತದೆ, ಅಷ್ಟೆ.

ಆರರಲ್ಲಿ ಮೂರು ಮುಕ್ತಕಗಳು, ಮೂರು ತುಣುಕುಗಳು: ಈ ಗುಚ್ಛದ ಬಗೆಗೆ ನಮ್ಮ ನಿರ್ಣಯ ಇಷ್ಟು. ಜನಪ್ರಿಯವೆಂಬ ಕಾರಣಕ್ಕೆ ಇಂತಹ ಕೃತಿಗಳನ್ನು ದೂರವಿಡುವ ವಿಮರ್ಶಕನು ಆ ಮೂರು ಮುಕ್ತಕಗಳನ್ನು ಕಳೆದುಕೊಳ್ಳುತ್ತಾನೆ. ಜನಪ್ರಿಯವೆಂದೇ ಎಲ್ಲವನ್ನೂ ಹೊಗಳುವವನು ಅವುಗಳಿಗೂ ಉಳಿದ ಮೂರಕ್ಕೂ ಇರುವ ಅಂತರವನ್ನೇ ಅರಿಯದೆ ಹೋಗುತ್ತಾನೆ. ಮಾರುಕಟ್ಟೆ ಹಾಡಿನ ಅಳತೆಯನ್ನು ಗೊತ್ತುಮಾಡಬಹುದು. ಆ ಅಳತೆಯೊಳಗೆ ಭಾವ ತುಂಬಿತೇ ಇಲ್ಲವೇ ಎಂಬುದನ್ನು ಮಾತ್ರ ಸಹೃದಯನ ಕಿವಿಯೇ ಹೇಳಬೇಕು.