ಯಂತ್ರವಾಕ್ಯದಲ್ಲಿ ತಾತ್ಪರ್ಯವಿಚಾರ

ಕಂಪ್ಯೂಟರಿನ ಭಾಷಾಮಾದರಿಗಳು ರಚಿಸುವ ವಾಕ್ಯಗಳಿಗೆ ಅರ್ಥವುಂಟೇ ಎಂಬ ವಾದವು ಈಗ ವಿದ್ವಾಂಸರಲ್ಲಿ ನಡೆದಿದೆ. ನುಡಿಯುವ ಯಂತ್ರಕ್ಕೆ ಇಚ್ಛೆಯಿಲ್ಲದುದರಿಂದ ಅವು ನಿರರ್ಥಕವೆಂಬುದು ಒಂದು ಪಕ್ಷ. ಈ ಪಕ್ಷವು ಶಾಸ್ತ್ರದ ಪರೀಕ್ಷೆಗೆ ನಿಲ್ಲಲಾರದು.

ನೈಯಾಯಿಕರ ಮತದಲ್ಲಿ ತಾತ್ಪರ್ಯವೆಂದರೆ ವಕ್ತೃವಿನ ಇಚ್ಛೆ. ಊಟದ ವೇಳೆಯಲ್ಲಿ ‘ಸೈಂಧವವನ್ನು ತಾ’ ಎಂದರೆ ಉಪ್ಪು, ಪ್ರಯಾಣಕಾಲದಲ್ಲಿ ಕುದುರೆ. ಹಾಗಾದರೆ ಗಿಳಿಯ ಮಾತಿನ ಗತಿಯೇನು? ವಿಶ್ವನಾಥ ಪಂಚಾನನನು ‘ಸಿದ್ಧಾಂತಮುಕ್ತಾವಲಿ’ಯಲ್ಲಿ ಅದಕ್ಕೆ ಈಶ್ವರನ ತಾತ್ಪರ್ಯವನ್ನೂ, ಆ ಮಾತು ಸುಳ್ಳಾದಲ್ಲಿ ಕಲಿಸಿದವನ ತಾತ್ಪರ್ಯವನ್ನೂ ಹೇಳುತ್ತಾನೆ. ‘ವೇದಾಂತಪರಿಭಾಷೆ’ಯ ಧರ್ಮರಾಜಾಧ್ವರೀಂದ್ರನಾದರೋ, ಅನ್ಯಾರ್ಥವನ್ನು ಉದ್ದೇಶಿಸಿ ನುಡಿಯದಿದ್ದಲ್ಲಿ, ಅರ್ಥಪ್ರತೀತಿಯನ್ನು ಹುಟ್ಟಿಸುವ ಯೋಗ್ಯತೆಯೇ ತಾತ್ಪರ್ಯವೆನ್ನುತ್ತಾನೆ, ಅರ್ಥವರಿಯದವನು ಪಠಿಸಿದ ವೇದದಿಂದಲೂ ಕೇಳುವವನಿಗೆ ಬೋಧವಾಗುವುದಷ್ಟೆ. ಶಿವಮೊಗ್ಗೆಯ ಬಳಿಯ ಮತ್ತೂರಿನಂತಹ ಊರಿನಲ್ಲಿ ಅರ್ಥಜ್ಞಾನಕ್ಕೆ ಮೊದಲೇ ಸ್ವರಸಹಿತವಾಗಿ ವೇದವನ್ನು ಕಲಿಯುವ ಬಾಲಕನೇ ಇದಕ್ಕೆ ನಿದರ್ಶನ.

ಅರ್ಥಬೋಧದ ಮಟ್ಟಿಗೆ ಪರಿಭಾಷೆಯ ಪಕ್ಷವೇ ಬಲವಾದುದು. ಆದರೆ ವಾಕ್ಯವು ಸುಳ್ಳಾದಾಗ ಹೊಣೆ ಯಾರದು? ಮುಕ್ತಾವಲಿಯು ಶಿಕ್ಷಕನನ್ನು ತೋರಿಸುತ್ತದೆ. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣವನ್ನು ಕರಗಿಸಿದವರ ಕಸುಬೂ ಇದನ್ನೇ ಹೇಳುತ್ತದೆ: ಎರಕವು ಸೊಟ್ಟಗಾದರೆ ಪ್ರಶ್ನಿಸುವುದು ಅಚ್ಚನ್ನಲ್ಲ, ಅಚ್ಚು ಮಾಡಿದವನನ್ನು. ಆದರೂ ಈ ದೃಷ್ಟಾಂತಗಳು ಪೂರ್ಣವಲ್ಲ. ಅಚ್ಚು ತನ್ನ ಆಕಾರವನ್ನೇ ಕೊಡುತ್ತದೆ, ಗಿಳಿ ಕಲಿತುದನ್ನೇ ನುಡಿಯುತ್ತದೆ. ಭಾಷಾಮಾದರಿಯಾದರೋ ಶಿಕ್ಷಕನು ನೆನೆಯದ ವಾಕ್ಯವನ್ನೂ ಹೆಣೆಯುತ್ತದೆ. ಆದಕಾರಣ ಆ ವಾಕ್ಯವನ್ನು ಪ್ರಮಾಣವೆಂದು ಮುಂದಿಡುವವನಿಗೂ ಹೊಣೆಯಲ್ಲಿ ಪಾಲುಂಟು.

ವಾಕ್ಯದಿಂದ ಅರ್ಥ ತೋರುವುದು ಅದರ ಯೋಗ್ಯತೆಯಿಂದ. ಲೌಕಿಕ ವಾಕ್ಯವನ್ನು ನಂಬತಕ್ಕದ್ದು ಅದಕ್ಕೆ ಹೊಣೆಯಾಗುವ ಆಪ್ತನಿದ್ದಾಗ. ನಿರರ್ಥಕವಾದಿಗಳು ಈ ಎರಡು ಪ್ರಶ್ನೆಗಳನ್ನು ಒಂದಾಗಿಸಿರುವುದೇ ಅವರ ಪಕ್ಷದ ದೋಷವು.